ಕಂಪನಿ ಕಾಗದಗಳನ್ನು ವಿದೇಶಕ್ಕೆ ಲೀಗಲೈಸ್ (ಅಲ್ಲಿ ಒಪ್ಪುವ ಹಾಗೆ ಅಧಿಕೃತ ದೃಢೀಕರಣ) ಮಾಡಿಸಿದವರು ಇದ್ದೀರಾ?

ಪ್ರಶ್ನೆ: ವಿದೇಶದಲ್ಲಿ ನಮ್ಮ ಕಂಪನಿಯ ಶಾಖೆ ತೆರೆಯಬೇಕು. ಅಲ್ಲಿನ ಬ್ಯಾಂಕಿನವರು ನೋಂದಣಿ ಪತ್ರ, ಬೋರ್ಡ್ ರೆಸಲ್ಯೂಷನ್, ಪವರ್ ಆಫ್ ಅಟಾರ್ನಿ ಮೂರನ್ನೂ ‘ಲೀಗಲೈಸ್ ಮಾಡಿಸಿ ಕಳಿಸಿ’ ಅಂತ ಒಂದು ಸಾಲಿನ ಮೇಲ್ ಹಾಕಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಮೊದಲು ಆ ಮೇಲ್‌ಗೆ ವಾಪಸ್ ಬರೆಯಿರಿ. ನಾನು ಬರೆಯದೆ ಕೆಟ್ಟೆ. ಅಪೋಸ್ಟಿಲ್ (ಕಾಗದದ ಮೇಲಿನ ಸಹಿ, ಮುದ್ರೆ ಅಸಲಿ ಅಂತ ನಮ್ಮ ಸರ್ಕಾರ ಲಗತ್ತಿಸುವ ಪ್ರಮಾಣಪತ್ರ) ಸಾಕಾ, ರಾಯಭಾರ ಕಚೇರಿಯ ಮುದ್ರೆಯೂ ಬೇಕಾ, ಕಾಗದ ಎಷ್ಟು ತಿಂಗಳೊಳಗಿನದು ಇರಬೇಕು, ಯಾವ ಭಾಷೆಯಲ್ಲಿ, ಇಷ್ಟಕ್ಕೂ ಲಿಖಿತ ಉತ್ತರ ತರಿಸಿಕೊಳ್ಳಿ. ಅಪೋಸ್ಟಿಲ್ ಕುರಿತ 1961ರ ಹೇಗ್ ಒಪ್ಪಂದಕ್ಕೆ ಎರಡೂ ದೇಶ ಸೇರಿದ್ದರೆ ಅಪೋಸ್ಟಿಲ್ ಸಾಕು. ಇಲ್ಲದಿದ್ದರೆ ನೋಟರಿ, ಆಮೇಲೆ ವಿದೇಶಾಂಗ ಇಲಾಖೆ, ಕೊನೆಗೆ ಆ ದೇಶದ ರಾಯಭಾರ ಕಚೇರಿ, ಹೀಗೆ ಒಬ್ಬರ ಸಹಿ ನಿಜ ಅಂತ ಇನ್ನೊಬ್ಬರು ಮುದ್ರೆ ಒತ್ತುತ್ತಾ ಹೋಗುವ ಸರಪಳಿ. ಹಳೇ ಮಾಹಿತಿ ನಂಬಬೇಡಿ. ಚೀನಾದಲ್ಲಿ ಅಪೋಸ್ಟಿಲ್ ನಡೆಯಲು ಶುರುವಾದದ್ದು 2023ರ ನವೆಂಬರ್ 7ರಿಂದ, ಕೆನಡಾದಲ್ಲಿ 2024ರ ಜನವರಿ 11ರಿಂದ. ನನಗೆ ಸಿಕ್ಕ ಏಜೆಂಟ್ ಇನ್ನೂ ಹಳೇ ಸರಪಳಿಯನ್ನೇ ಹೇಳುತ್ತಿದ್ದ. ಮುದ್ರೆ ಜಾಸ್ತಿ ಆದಷ್ಟೂ ಅವನಿಗೆ ಒಳ್ಳೆಯದೇ ಅಲ್ವಾ.

ಉತ್ತರ 2: ಎರಡೂ ದೇಶ ಸೇರಿದ್ದರೆ ಸಾಕು ಅಂದಿರಲ್ಲ, ಅದರಲ್ಲೊಂದು ಕೊಕ್ಕೆ ಇದೆ. ಹೊಸದಾಗಿ ಸೇರುವ ದೇಶದ ಬಗ್ಗೆ ಹಳೇ ಸದಸ್ಯ ದೇಶ ಆಕ್ಷೇಪ ಎತ್ತಬಹುದು. ಆಗ ಆ ಎರಡರ ನಡುವೆ ಮಾತ್ರ ಅಪೋಸ್ಟಿಲ್ ನಡೆಯುವುದಿಲ್ಲ. ಆ ಒಪ್ಪಂದ ರೂಪಿಸಿದ ಹೇಗ್ ಸಮ್ಮೇಳನ ಎಂಬ ಸಂಸ್ಥೆಯವರ ಪಟ್ಟಿಯಲ್ಲಿ ದೇಶದ ಹೆಸರಿನ ಜೊತೆಗಿರುವ ಷರಾವನ್ನೂ ಓದಿ. ಇನ್ನೊಂದು, ಅಪೋಸ್ಟಿಲ್ ಹೇಳುವುದು ಸಹಿ ಯಾರದು, ಯಾವ ಹುದ್ದೆಯಲ್ಲಿದ್ದು ಹಾಕಿದರು, ಮುದ್ರೆ ಅಸಲಿಯಾ ಅಂತ ಅಷ್ಟೇ. ಒಳಗೆ ಬರೆದಿರುವುದು ಸರಿಯಾ ಅಂತ ಅದು ನೋಡುವುದಿಲ್ಲ. ಹಾಗಾಗಿ ಪವರ್ ಆಫ್ ಅಟಾರ್ನಿಯ ಕರಡನ್ನು ಸಹಿಗೆ ಮೊದಲೇ ಬ್ಯಾಂಕಿಗೆ ತೋರಿಸಿ. ನಮ್ಮದರಲ್ಲಿ ‘ಖಾತೆ ತೆರೆಯಲು’ ಅಂತಿತ್ತು, ‘ಖಾತೆ ನಡೆಸಲು’ ಅಂತ ಇರಲಿಲ್ಲ. ಮುದ್ರೆಗಳೆಲ್ಲ ಸುಮ್ನೆ ದಂಡ.

ಉತ್ತರ 3: ನನ್ನದು ಪಿನ್ನಿನ ಕಥೆ. ಏಳು ಹಾಳೆ, ಹಿಂದೆ ಅಪೋಸ್ಟಿಲ್. ಎಲ್ಲಾ ಸೇರಿಸಿ ಮೂಲೆ ಮಡಚಿ ಪಿನ್ ಹೊಡೆದು, ಅರ್ಧ ಒಂದು ಹಾಳೆ ಮೇಲೆ, ಅರ್ಧ ಮುಂದಿನದರ ಮೇಲೆ ಬೀಳುವ ಹಾಗೆ ಮುದ್ರೆ ಒತ್ತಿದ್ದರು. ಸ್ಕ್ಯಾನರ್‌ನಲ್ಲಿ ನೆಟ್ಟಗೆ ಕೂರಲಿ ಅಂತ ನಮ್ಮ ಆಫೀಸಿನ ಹುಡುಗ ಪಿನ್ ಕಿತ್ತ, ಸ್ಕ್ಯಾನ್ ಮಾಡಿ ಅಚ್ಚುಕಟ್ಟಾಗಿ ಮತ್ತೆ ಹೊಡೆದ. ಮೂಲೆಯಲ್ಲಿ ಎರಡಿರಬೇಕಾದ ತೂತು ನಾಲ್ಕಾಗಿತ್ತು. ಆ ಕಡೆಯವರು ಓದಲೂ ಇಲ್ಲ, ತೂತು ನೋಡಿಯೇ, ಹಾಳೆ ಬದಲಾಯಿಸಿರಬಹುದು ಅಂತ ವಾಪಸ್ ಕಳಿಸಿದರು. ನೋಟರಿಯಿಂದ ಹಿಡಿದು ಎಲ್ಲಾ ಹೊಸದಾಗಿ.

ಉತ್ತರ 4: ಅನುವಾದ ಬೇಕು ಅಂದರೆ ಅಪೋಸ್ಟಿಲ್ ಪುಟವನ್ನೂ ಅನುವಾದ ಮಾಡಿಸಬೇಕಾ ಅಂತ ಕೇಳಿಕೊಳ್ಳಿ. ಮೊದಲೇ ಮಾಡಿಸಿಬಿಟ್ಟರೆ ಆ ಪುಟ ಬಿಟ್ಟುಹೋಗುತ್ತದೆ. ಕಂಪನಿ ಹೆಸರು ಮೂರೂ ಕಾಗದದಲ್ಲಿ ಅಕ್ಷರಶಃ ಒಂದೇ ಇರಲಿ. ಒಂದರಲ್ಲಿ ‘ಲಿಮಿಟೆಡ್’, ಇನ್ನೊಂದರಲ್ಲಿ ‘ಲಿ.’ ಇದ್ದರೂ ತಕರಾರು ತೆಗೆಯುತ್ತಾರೆ.

ಪ್ರಶ್ನೆ ಕೇಳಿದವರು: ಬ್ಯಾಂಕಿಗೆ ಬರೆದೆ, ಉತ್ತರ ಬಂತು. ಅಪೋಸ್ಟಿಲ್ ಸಾಕಂತೆ, ಆದರೆ ನೋಂದಣಿ ಪತ್ರದ ಪ್ರತಿ 3 ತಿಂಗಳೊಳಗಿನದೇ ಬೇಕಂತೆ. ನಾನು ಕಂಪನಿ ಶುರುವಾದಾಗ ಕೊಟ್ಟ ಹಳೇ ಪ್ರತಿಯನ್ನೇ ಹಿಡಿದು ಹೊರಟಿದ್ದೆ. ಈಗ ಹೊಸ ದೃಢೀಕೃತ ಪ್ರತಿಗೆ ಅರ್ಜಿ ಹಾಕುತ್ತಿದ್ದೇನೆ. ಅಪೋಸ್ಟಿಲ್ ಆದ ಮೇಲೆ ಸ್ಕ್ಯಾನರ್ ಹತ್ತಿರ ಒಯ್ಯಬೇಡಿ, ಮೊಬೈಲ್‌ನಲ್ಲೇ ಫೋಟೊ ತೆಗೆಯಿರಿ ಅಂತ ಆಫೀಸಿನಲ್ಲಿ ಹೇಳಿಯೂ ಆಯ್ತು.