14 ಮನೆಯ ವಾಡಿಗೆ ಕರೆಂಟ್: ಲೈನ್‌ಗೆ ಓಡಾಡುವುದೋ, ಸೋಲಾರ್ ಹಾಕುವುದೋ?

ಕೋಥ್ರೂಡ್ ಬಳಗ:
ಪುಣೆಯ ನಮ್ಮ ಕನ್ನಡ ಬಳಗದಿಂದ ಭೋರ್ ತಾಲ್ಲೂಕಿನ ಘಟ್ಟದ ಮೇಲಿನ ಒಂದು ವಾಡಿಗೆ (ಊರಿನಿಂದ ದೂರದ ಪುಟ್ಟ ಕೇರಿಗೆ) ಬೆಳಕು ಕೊಡಿಸಬೇಕೆಂದಿದ್ದೇವೆ. 14 ಮನೆ, ಎಲ್ಲರೂ ಕಾತಕರಿ ಆದಿವಾಸಿ ಕುಟುಂಬದವರು. ಕೆಳಗಿನ ಊರಿನ ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರ್‌ನಿಂದ) 2 ಕಿ.ಮೀ., ಅದರಲ್ಲಿ 1.2 ಕಿ.ಮೀ. ಕಾಡು. ಕಾಗದದಲ್ಲಿ ಮಾತ್ರ ಊರು ಎಂದೋ ವಿದ್ಯುದೀಕರಣಗೊಂಡಿದೆ! ಕೂಡಿಸಿದ ಹಣವನ್ನು ಸೋಲಾರ್‌ಗೆ ಹಾಕೋಣವೇ? ಮನೆಗೆ ಎಷ್ಟು ವ್ಯಾಟ್ ಬೇಕು?

ಶಿವಾಜಿನಗರ 05:
ಹಳೆಯ ನಿಯಮದಲ್ಲಿ ಶಾಲೆ, ಪಂಚಾಯಿತಿಯಂಥ ಕಟ್ಟಡಗಳಿಗೂ ನೂರರಲ್ಲಿ 10 ಮನೆಗಳಿಗೂ ಕರೆಂಟ್ ಬಂದರೆ ಊರಿನ ಲೆಕ್ಕ ಮುಗಿಯಿತು. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಊರಿಗೆ ಕರೆಂಟ್ ತಲುಪಿದಾಗ ದೇಶದ ಎಲ್ಲ ಊರುಗಳೂ ಆದವೆಂದು ಘೋಷಿಸಿದ್ದು ಈ ಲೆಕ್ಕದ ಮೇಲೆಯೇ. ದೂರದ ವಾಡಿಗಳು ಉಳಿದದ್ದು ಹೀಗೆ.

ನಿಮ್ಮ ಹಣ ಮುಟ್ಟುವ ಮೊದಲು ಘೋಡೇಗಾಂವ್‌ನ ಆದಿವಾಸಿ ವಿಕಾಸ ಪ್ರಕಲ್ಪ ಕಚೇರಿಗೆ ಹೋಗಿ. ಕಾತಕರಿಗಳು ಪಿಎಂ-ಜನಮನ್ (ಅತಿ ಹಿಂದುಳಿದ ಆದಿವಾಸಿಗಳಿಗೆ 2023ರಲ್ಲಿ ಶುರುವಾದ ಕೇಂದ್ರದ ಯೋಜನೆ) ವ್ಯಾಪ್ತಿಗೆ ಬರುತ್ತಾರೆ. ಲೈನ್ ಎಳೆಯಲಾಗದ ಮನೆಗೆ 0.3 ಕಿಲೋವ್ಯಾಟ್ ಸೋಲಾರ್, ಮನೆಯೊಂದಕ್ಕೆ ₹50,000 ಲೆಕ್ಕದಲ್ಲಿ, ಅದರಲ್ಲಿದೆ. ಸರ್ವೆ ಪಟ್ಟಿಯಲ್ಲಿ 14 ಮನೆಯೂ ಇವೆಯೇ ಎಂದು ಒಂದೊಂದಾಗಿ ನೋಡಿ.

ಲೈನ್‌ನ ಬೇಡಿಕೆಯನ್ನೂ ಬಿಡಬೇಡಿ. ಕಾಡು ಎಂದೊಡನೆ ಆಗುವುದಿಲ್ಲ ಅನ್ನುತ್ತಾರೆ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2)ರಲ್ಲಿ ವಿದ್ಯುತ್ ಲೈನ್‌ಗೆ ದಾರಿಯಿದೆ: 1 ಹೆಕ್ಟೇರ್‌ಗಿಂತ ಕಡಿಮೆ ಜಾಗ, ಹೆಕ್ಟೇರ್‌ಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. 11 ಕೆವಿ (11,000 ವೋಲ್ಟ್) ಲೈನ್‌ಗೆ 7 ಮೀಟರ್ ಅಗಲ ಹಿಡಿದರೆ ನಿಮ್ಮದು 0.84 ಹೆಕ್ಟೇರ್. ಗ್ರಾಮಸಭೆಯ ಠರಾವಿನಲ್ಲಿ ಉದ್ದ, ಅಗಲ, ಮರಗಳ ಎಣಿಕೆ ಬರೆಸಿ. ಇಲ್ಲದಿದ್ದರೆ ಕಡತ ಅಲ್ಲೇ ಕೂರುತ್ತದೆ.

ಧಾರವಾಡ ಟು ಪಿಂಪ್ರಿ:
ಲೈನ್ ಬರೂದಾದ್ರ ಸಿಂಗಲ್ ಫೇಜ್ ಎಲ್‌ಟಿ (ಮನಿಗೆ ಬರೂ 230 ವೋಲ್ಟಿನ) ಕೇಬಲ್‌ಗೆ ಮಾತ್ರ ಒಪ್ಪಬ್ಯಾಡ್ರಿ. ಮನಿಗೆ 300 ವ್ಯಾಟ್ ಹಿಡದ್ರ 14 ಮನಿಗೆ 4.2 ಕಿಲೋವ್ಯಾಟ್, ಅಂದ್ರ 18 ಆಂಪ್. 50 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್‌ಗೆ ಕಿ.ಮೀ.ಗೆ 0.64 ಓಮ್. ಹೋಗಿ ಬರೂ 4 ಕಿ.ಮೀ.ದಾಗ 46 ವೋಲ್ಟ್ ಇಳೀತದ, ವಾಡಿಗೆ ಸಿಗೂದು 184. ಮೂರು ಫೇಜ್‌ಗೆ ಸಮ ಹಂಚಿದ್ರ ಇಳಿಯೂದು 8 ವೋಲ್ಟ್ ಅಷ್ಟ. ಆದ್ರ ನಾಳೆ 5 ಎಚ್‌ಪಿ ಹಿಟ್ಟಿನ ಗಿರಣಿ ಬಂತಂದ್ರ ಚಾಲೂ ಆಗೂ ಹೊತ್ತಿನ್ಯಾಗ ಆರು ಪಟ್ಟು ಕರೆಂಟ್ ಎಳೀತದ. ಮೋಟರ್ ಗುಂಯ್ ಅಂದು ನಿಂತಬಿಡ್ತದ. 11 ಕೆವಿನ ವಾಡಿ ತನಕ ತರಿಸಿ ಅಲ್ಲೇ 25 ಕೆವಿಎ ಟಿ.ಸಿ. ಕೂಡಸ್ರಿ. ದೀಪಕ್ಕ ಸೋಲಾರ್ ಸಾಕು, ದುಡಿಮಿಗೆ ಲೈನ್ ಬೇಕ ಬೇಕು.

ಸೌರ ಹಡಪ್ಸರ್:
ಸೋಲಾರ್ ಲೆಕ್ಕ. 9 ವ್ಯಾಟ್‌ನ 4 ದೀಪ 5 ಗಂಟೆ, 28 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ) ಫ್ಯಾನ್ 8 ಗಂಟೆ, 40 ವ್ಯಾಟ್‌ನ ಟಿವಿ 3 ಗಂಟೆ, ಮೊಬೈಲ್ ಸೇರಿ ದಿನಕ್ಕೆ ಸುಮಾರು 545 ವ್ಯಾಟ್-ಅವರ್. ಬಿಸಿಲಿನ ತಿಂಗಳಿಗೆ 160 ವ್ಯಾಟ್ ಪ್ಯಾನೆಲ್ ಸಾಕು. ಆದರೆ ಸಹ್ಯಾದ್ರಿಯ ಮಳೆಗಾಲಕ್ಕೆ ಅಳತೆ ಹಿಡಿಯಬೇಕು: ಒಳ್ಳೆಯ ಬಿಸಿಲು ಎರಡೂವರೆ ಗಂಟೆಯಷ್ಟೇ ಎಂದಿಟ್ಟುಕೊಂಡರೆ, ನಡುವೆ ಕಳೆಯುವುದೂ ಸೇರಿ 310 ವ್ಯಾಟ್. 12.8 ವೋಲ್ಟ್, 100 ಎಎಚ್ ಲಿಥಿಯಂ ಫೆರೋ ಬ್ಯಾಟರಿ ಎರಡು ದಿನಕ್ಕೆ ಹತ್ತಿರ ಬರುತ್ತದೆ.

ಎಡವುವುದು ಕಂಟ್ರೋಲರ್‌ನಲ್ಲಿ, ಅಂದರೆ ಪ್ಯಾನೆಲ್‌ನಿಂದ ಬ್ಯಾಟರಿ ಚಾರ್ಜ್ ಮಾಡುವ ಪೆಟ್ಟಿಗೆಯಲ್ಲಿ. 330 ವ್ಯಾಟ್ ಪ್ಯಾನೆಲ್ ಸುಮಾರು 37 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಅಗ್ಗದ ಪಿಡಬ್ಲ್ಯುಎಂ ಬಗೆಯದು ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜಿಗೇ ಎಳೆಯುತ್ತದೆ; ಅದನ್ನು ಹಾಕಿದರೆ ಮೂರರಲ್ಲಿ ಒಂದು ಪಾಲು ಬ್ಯಾಟರಿ ಸೇರಿದರೆ ಹೆಚ್ಚು. ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಬದಲಿಸುವ, 30 ಆಂಪ್‌ನ ಎಂಪಿಪಿಟಿಯನ್ನೇ ಕೇಳಿ. ಇನ್ನೊಂದು ವೈರು: 12 ವೋಲ್ಟ್‌ನಲ್ಲಿ 5 ಆಂಪ್ 15 ಮೀಟರ್ ಹೋಗಬೇಕಾದರೆ 1.5 ಚದರ ಮಿ.ಮೀ. ತಾಮ್ರದಲ್ಲಿ 1.8 ವೋಲ್ಟ್ ಕಳೆಯುತ್ತದೆ, 4ರಲ್ಲಿ 0.7.

ಕೋಥ್ರೂಡ್ ಬಳಗ:
ಧನ್ಯವಾದ. ಸರ್ಕಾರದಿಂದಲೇ ಸೋಲಾರ್ ಬಂದರೆ ನಮ್ಮ ಹಣ ಏನು ಮಾಡುವುದು?

ಸೌರ ಹಡಪ್ಸರ್:
ದುರಸ್ತಿ ನಿಧಿಗೆ ಇಡಿ. ಮನೆಗೆ ತಿಂಗಳಿಗೆ ₹100 ಕೂಡಿಸಿದರೆ ವರ್ಷಕ್ಕೆ ₹16,800. ಅದಕ್ಕೆ ನಿಮ್ಮದೂ ಸೇರಲಿ, ಖಾತೆ ವಾಡಿಯ ಮಹಿಳಾ ಬಚತ್ ಗಟದ (ಉಳಿತಾಯ ಸಂಘದ) ಹೆಸರಿನಲ್ಲಿರಲಿ. ಒಂದು ಕಂಟ್ರೋಲರ್, ಹತ್ತು ಫ್ಯೂಸ್, ಒಂದು ಮಲ್ಟಿಮೀಟರ್ ವಾಡಿಯಲ್ಲೇ ಇರಬೇಕು. ಅಲ್ಲಿನ ಇಬ್ಬರಿಗೆ ಫ್ಯೂಸ್ ಬದಲಿಸುವುದು, ಬ್ಯಾಟರಿ ವೋಲ್ಟೇಜ್ ನೋಡುವುದು ಕಲಿಸಿ, ಮಳೆಗಾಲಕ್ಕೆ ಮುಂಚೆಯೇ.