ಅಪ್‌ಡೇಟ್: ಹೆಬ್ಬೇವು ಸಸಿಗಳ ಬೇರು ಕೊಳೆ

ಆಳಂದ ಕಡೆಯ ನಮ್ಮ ನರ್ಸರಿಯಲ್ಲಿ ಹೆಬ್ಬೇವು ಸಸಿಗಳು ಹಳದಿಯಾಗಿ ಬಾಡುತ್ತಿವೆ, ಯಾಕೆ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲ ಅಣ್ಣಂದಿರಿಗೂ ಶರಣು.

ನೀವು ಹೇಳಿದಂತೆ ಪಾಕೆಟ್ ಹರಿದು ನೋಡಿದೆ. ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಎಳೆದರೆ ಮೇಲಿನ ಸಿಪ್ಪೆ ಜಾರಿ, ದಾರದಂಥ ಒಳಬೇರು ಮಾತ್ರ ಉಳಿಯುತ್ತಿತ್ತು. ಪಿಥಿಯಂ (ಒದ್ದೆ ಮಣ್ಣಿನಲ್ಲಿ ಬೆಳೆಯುವ, ಶಿಲೀಂಧ್ರದಂಥ ರೋಗಾಣು) ತರುವ ಕೊಳೆ ಹೀಗೇ ಕಾಣುತ್ತದೆ. ನಮ್ಮ ಎರೆಮಣ್ಣು ಹಿಡಿದ ನೀರನ್ನು ಬೇಗ ಬಿಡುವುದಿಲ್ಲ, ಅಲ್ವಾ? ಪಾಕೆಟ್‌ನಲ್ಲಿ ಅದೇ ಜಾಸ್ತಿ ಇತ್ತು.

ಕೊಳೆತ ಸಸಿಗಳನ್ನು ಮಣ್ಣು ಸಮೇತ ದೂರ ಒಯ್ದು ಹೂತೆವು. ಉಳಿದವಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರ ಇರುವ ಶಿಲೀಂಧ್ರನಾಶಕ) ಕಲಸಿ ಬುಡಕ್ಕೆ ಸುರಿದೆವು. ರೋಗ ತಡೆಯುವ ಒಳ್ಳೆಯ ಶಿಲೀಂಧ್ರವಾದ ಟ್ರೈಕೋಡರ್ಮಾವನ್ನು ಇದರ ಜೊತೆಗೇ ಹಾಕಬೇಡಿ, ತಾಮ್ರ ಅದಕ್ಕೂ ಪೆಟ್ಟು ಕೊಡುತ್ತದೆ. ನೀರು ಕೊಡುವುದನ್ನೂ ಕಡಿಮೆ ಮಾಡಿದೆವು. ನನಗನಿಸುವ ಮಟ್ಟಿಗೆ ಔಷಧಿಗಿಂತ ಇದೇ ಹೆಚ್ಚು ಕೆಲಸ ಮಾಡಿತು.

ಈಗ ಹೊಸ ಚಿಗುರು ಬಂದಿದೆ. ತುಂಬಾ ಖುಷಿಯಾಗಿದೆ. ಹೊಸ ಪಾಕೆಟ್‌ಗಳಿಗೆ ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ತುಂಬುತ್ತಿದ್ದೇವೆ.