ಪಾಂಡು ಮತ್ತು ಹಾರ್ಮೋನಿಯಂ

ಸೀನ ವಿದೇಶದಲ್ಲಿ ಓದಲು ಬರೆಯುವ ಜಿಆರ್‌ಇ ಪರೀಕ್ಷೆಗೆ ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತಿದ್ದಾನೆ. ಹೀಗಾಗಿ ದರ್ಶಿನಿಯಲ್ಲಿ ನಮ್ಮ ಬೈ ಟೂ ಕಾಫಿಗೂ ಇಂಗ್ಲಿಷ್ ನುಗ್ಗಿದೆ.

"ಉರು ಹೊಡೆದರೆ ಸಂಜೆಗೆ ಮರೆಯುತ್ತೆ. ಪದಕ್ಕೊಂದು ಚಿತ್ರ ಕಟ್ಟಬೇಕು," ಅಂದರು ಮೇಷ್ಟ್ರು. ಇವರು ಪಾಠ ಮಾಡುವ ಮೇಷ್ಟ್ರಲ್ಲ. ಕೇಳದೇ ಬುದ್ಧಿ ಹೇಳಿ ಹೇಳಿ ಆ ಹೆಸರು ಬಂತು.

"ಪ್ಯಾಂಡೆಮೋನಿಯಂ ತಗೋ. ವಿಪರೀತ ಗದ್ದಲ ಅಂತ ಅರ್ಥ. ನಮ್ಮ ಪಾಂಡು ಹಾರ್ಮೋನಿಯಂ ಬಾರಿಸ್ತಿದ್ದಾನೆ ಅಂದ್ಕೋ. ಪಾಂಡು, ಮೋನಿಯಂ. ಮುಗೀತು!"

ಭಜನಾ ಮಂಡಳಿಯ ಹಾರ್ಮೋನಿಯಂ ಪಾಂಡು ಎದುರಿಗೇ ಕೂತಿದ್ದ. ಇಡ್ಲಿ ಗಂಟಲಲ್ಲೇ ನಿಂತಿತು.

"ಹಾರ್ಮೋನಿಯಂ ಅಂದ್ರೆ ಗದ್ದಲಾನಾ?"

"ರೇಡಿಯೋದವರೇ 1940ರಲ್ಲಿ ಹೊರಗೆ ಹಾಕಿದ್ರಲ್ಲಪ್ಪ."

"ಗದ್ದಲ ಅಂತ ಅಲ್ಲ ಮೇಷ್ಟ್ರೇ! ಅದರಲ್ಲಿ ಗಮಕ, ಅಂದ್ರೆ ಸ್ವರದ ಓಲಾಟ, ಸರಿಯಾಗಿ ಬರಲ್ಲ ಅಂತ. 1971ರಲ್ಲಿ ನಿಷೇಧ ಸಡಿಲಿಸಿದ್ರು, ಅದನ್ನ್ಯಾಕೆ ನುಂಗ್ತೀರಿ? ಹಾರ್ಮೋನಿಯಂ ಇಲ್ಲದೆ ಕಂಪನಿ ನಾಟಕ ನಡೀತಿತ್ತಾ?"

ಪಾಂಡುವಿನ ದನಿಗೆ ಕ್ಯಾಶಿಯರ್ ಕತ್ತೆತ್ತಿ ನೋಡಿದ. ನಾನು ನಡುವೆ ಬಾಯಿ ಹಾಕಿದೆ. ಈ ಪದ ಹುಟ್ಟಿಸಿದ್ದು ಮಿಲ್ಟನ್ ಕವಿ. 1667ರ 'ಪ್ಯಾರಡೈಸ್ ಲಾಸ್ಟ್' ಕಾವ್ಯದಲ್ಲಿ ನರಕದ ರಾಜಧಾನಿಗೆ ಅವನಿಟ್ಟ ಹೆಸರು. ಪ್ಯಾನ್ ಅಂದರೆ ಎಲ್ಲ, ಡೀಮನ್ ಅಂದರೆ ದೆವ್ವ. ಎಲ್ಲ ದೆವ್ವಗಳೂ ಒಂದೇ ಕಡೆ ಸೇರಿದರೆ ಗದ್ದಲವಲ್ಲದೆ ಇನ್ನೇನು?

"ಇಷ್ಟು ಚೆನ್ನಾಗಿ ದೆವ್ವಗಳಿರುವಾಗ ನಾನ್ಯಾಕೆ?" ಅಂದ ಪಾಂಡು.

ಮೇಷ್ಟ್ರ ಉಪಾಯವೇನೂ ಬುರುಡೆಯಲ್ಲ. ಆಟ್ಕಿನ್ಸನ್ ಮತ್ತು ರಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ರಷ್ಯನ್ ಪದಗಳ ಮೇಲೆ ಇದನ್ನು ಪರೀಕ್ಷಿಸಿ 1975ರಲ್ಲಿ ಬರೆದಿದ್ದಾರೆ. ಹೀಗೆ ಕಲಿತವರಿಗೆ ಜಾಸ್ತಿ ಪದ ನೆನಪಿದ್ದವು. ಆದರೆ ಚಿತ್ರದೊಳಗೆ ಅರ್ಥವೂ ಇರಬೇಕು. ಬರೀ ಸದ್ದು ಹೊಂದಿದರೆ ಸಾಲದು.

ಕಾಫಿ ಬಂತು. ಮೇಷ್ಟ್ರು ಸೀನನನ್ನು ಪರೀಕ್ಷೆ ಮಾಡಿದರು.

"ಪ್ಯಾಂಡೆಮೋನಿಯಂ?"

ಸೀನ ಪಾಂಡುವಿನ ಮುಖ ನೋಡಿದ. ಕಣ್ಣು ಮುಚ್ಚಿದ. "ಭಜನೆ!"

ಪಾಂಡುಗೆ ಸ್ವಲ್ಪ ಸಮಾಧಾನವಾಯಿತು.

ಮೇಷ್ಟ್ರು ಸೋಲೊಪ್ಪುವ ಜಾತಿಯಲ್ಲ. "ಸರಿ, ಇನ್ನೊಂದು. ಬೆಡ್‌ಲಂ."

"ಬೆಡ್ ಅಂದ್ಮೇಲೆ ನಿದ್ದೆ?"

"ಅಲ್ಲಯ್ಯ, ಇದೂ ಗಲಾಟೆನೇ. ಲಂಡನ್ನಿನ ಬೆತ್ಲೆಮ್ ಆಸ್ಪತ್ರೆ, 1247ರಲ್ಲಿ ಶುರುವಾಗಿದ್ದು. ಮುಂದೆ ಮಾನಸಿಕ ರೋಗಿಗಳನ್ನು ಅಲ್ಲೇ ಇಡ್ತಿದ್ರು. ಜನರ ಬಾಯಲ್ಲಿ ಬೆತ್ಲೆಮ್ ಬೆಡ್‌ಲಂ ಆಯ್ತು. ಆದರೆ ಇದಕ್ಕೆ ಚಿತ್ರ ಕಟ್ಟೋದು ಕಷ್ಟ."

"ಏನು ಕಷ್ಟ?" ಪಾಂಡು ಕೈ ಒರೆಸಿಕೊಂಡ. "ಸೀನ, ಬರ್ಕೋ. ಧರ್ಮಸ್ಥಳಕ್ಕೆ ಹೋದಾಗ ಒಂದೇ ರೂಮಲ್ಲಿ ಮಲಗಿದ್ವಲ್ಲ? ಬೆಡ್ ಮೇಲೆ ಮೇಷ್ಟ್ರು. ಗೊರಕೆ."

ಸೀನ ಬರೆದುಕೊಳ್ಳಲೇ ಇಲ್ಲ. "ಬೇಡ ಬಿಡೋ, ಅದು ಆಗ್ಲೇ ಬಾಯಿಪಾಠ ಆಗಿದೆ," ಅಂದ.